ಚಿತ್ತರೋಗವೂ ವಂಶಬೀಜವೂ

೧

ಬುದ್ಧಿಭ್ರಮಣೆಯು ವಂಶದಲ್ಲಿ ಇಳಿದು ಬರತಕ್ಕದ್ದೆಂಬ ನಂಬಿಕೆಯು ಬಹು ಪುರಾತನವಾದುದು. ಅದು ಯಾವ ಒಂದು ದೇಶಕ್ಕೂ ಮೀಸಲಾದುದಲ್ಲ. ಮನೆಯಲ್ಲೊಬ್ಬನಿಗೆ ಚಿತ್ತಸ್ವಾಸ್ಥ್ಯ ತಪ್ಪಿತೆಂದರೆ ನೆರೆಹೊರೆಯವರು ರೋಗಿಯ ಸ್ಥಿತಿಯನ್ನು ವಿಚಾರಿಸುವುದಕ್ಕೆ ಮುಂಚೆ, ಅವನ ಅಜ್ಜನಿಗೋ ಸೋದರತ್ತೆಗೋ ಹೀಗೆಯೇ ಇತ್ತೇ ಎಂದು ವಿಚಾರಿಸುತ್ತಾರೆ. ಹೆಣ್ಣು ಕೊಡುವವರೂ ತರುವವರೂ ಈ ಪ್ರಶ್ನೆಯನ್ನು ಗುಟ್ಟಾಗಿ ಕೇಳುತ್ತಾರೆ. ಕೇಳಿಸಿಕೊಂಡವರು ಗುಟ್ಟಾಗಿಯೇ ಮರೆಮಾಚುತ್ತಾರೆ. ಕುಲಕ್ಕೆ ಕಲಂಕ ಬಂದೀತೆಂಬ ಭೀತಿಯಿಂದ ರೋಗಿಯನ್ನು ವೈದ್ಯರ ಬಳಿಗೆ ಕರೆದೊಯ್ಯದೆ ಒಳಕೋಣೆಯಲ್ಲಿ ಇರಿಸಿದ ಸಂಸಾರಗಳೂ ಉಂಟು. ವಂಶವೆಂಬ ಒಂದು ಮಾತು ಇಷ್ಟು ಮಂದಿಯ ಬಾಳನ್ನು ಆಳುತ್ತಿರುವಲ್ಲಿ, ಆ ಮಾತಿನಲ್ಲಿ ಸತ್ಯಾಂಶವೆಷ್ಟು, ಅದನ್ನು ಪಂಡಿತರು ಯಾವ ಕ್ರಮದಿಂದ ಶೋಧಿಸಿದರು, ಆ ಶೋಧನೆಯ ದಾರಿಯಲ್ಲಿ ಎಂಥ ಅನರ್ಥಗಳು ನಡೆದವು, ಕೊನೆಗೆ ಕೈಗೆ ಬಂದ ತಿಳಿವಳಿಕೆಯೇನು ಎಂಬುದು ಪ್ರತಿಯೊಂದು ಸಂಸಾರವೂ ಅರಿತಿರತಕ್ಕ ಚರಿತ್ರೆಯಾಗಿದೆ.

ಭರತಖಂಡದ ಪ್ರಾಚೀನ ವೈದ್ಯಗ್ರಂಥಗಳಲ್ಲಿ ಈ ಪ್ರಶ್ನೆಯು ಎದ್ದಿರುವುದು ಗಮನಾರ್ಹವಾಗಿದೆ. ಚರಕಸಂಹಿತೆಯ ಶಾರೀರಸ್ಥಾನದ ಮೂರನೆಯ ಅಧ್ಯಾಯದಲ್ಲಿ, ಮನುಷ್ಯನು ಮನುಷ್ಯನಿಂದಲೇ ಹುಟ್ಟುವನಾದರೆ ಕುರುಡರು, ಮೂಗರು, ಉನ್ಮತ್ತರು ಮೊದಲಾದವರ ಮಕ್ಕಳು ತಂದೆಯಂತೆಯೇ ಏಕೆ ಆಗುವುದಿಲ್ಲವೆಂದು ಭರದ್ವಾಜನು ಆಕ್ಷೇಪಿಸುತ್ತಾನೆ. ಬೀಜದಲ್ಲಿ ಯಾವ ಅವಯವಕ್ಕೆ ಕಾರಣವಾದ ಭಾಗವು ಕೆಟ್ಟಿರುವುದೋ ಆ ಅವಯವಕ್ಕೆ ಮಾತ್ರ ವಿಕಾರವುಂಟಾಗುವುದು. ಆ ಭಾಗವು ಕೆಡದಿದ್ದರೆ ವಿಕಾರವೂ ಇಲ್ಲವೆಂದು ಆತ್ರೇಯನು ಸಮಾಧಾನ ಹೇಳುತ್ತಾನೆ. ಇದರಿಂದ ಇಂದಿನ ಶಾಸ್ತ್ರವೆಲ್ಲವೂ ಅಂದೇ ತಿಳಿದಿತ್ತೆಂದು ಸಾಧಿಸಹೊರಡುವುದು ಯುಕ್ತವಲ್ಲ. ಆದರೂ ತಂದೆಗೆ ಉಂಟಾದುದು ಮಗನಿಗೆ ಆಗಲೇಬೇಕೆಂಬ ನಿಯಮವಿಲ್ಲವೆಂಬ ಪ್ರತ್ಯಕ್ಷವನ್ನು ಆ ಆಚಾರ್ಯರು ಮರೆಯಲಿಲ್ಲವೆಂಬುದು ಸ್ಪಷ್ಟವಾಗಿದೆ. ಇಪ್ಪತ್ತನೆಯ ಶತಮಾನದ ಯೂರೋಪಿನಲ್ಲಿ ಈ ಪ್ರತ್ಯಕ್ಷವನ್ನು ಮರೆತವರಿಂದ ಏನಾಯಿತೆಂಬುದು ಮುಂದೆ ಕಾಣಬರುವುದು.

೨

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿ ದೇಶದಲ್ಲಿ ಎಮಿಲ್ ಕ್ರೇಪಲಿನ್ ಎಂಬ ವೈದ್ಯಪಂಡಿತರು ಪ್ರಸಿದ್ಧರಾಗಿದ್ದರು. ಅವರು ರೋಗಿಗಳ ವೃತ್ತಾಂತಗಳನ್ನು ವರ್ಷಗಟ್ಟಲೆ ಬರೆದಿಟ್ಟು ಹೋಲಿಸಿ ನೋಡಿ, ೧೮೯೯ರಲ್ಲಿ ಪ್ರಕಟವಾದ ತಮ್ಮ ಗ್ರಂಥದ ಆರನೆಯ ಆವೃತ್ತಿಯಲ್ಲಿ ಪ್ರಬಲವಾದ ಚಿತ್ತರೋಗಗಳನ್ನು ಎರಡು ವರ್ಗಗಳಾಗಿ ವಿಂಗಡಿಸಿದರು. ಒಂದನೆಯದು ತಾರುಣ್ಯದಲ್ಲಿ ತಲೆದೋರಿ ಬುದ್ಧಿಶಕ್ತಿಯನ್ನು ಕ್ರಮೇಣ ಕುಂದಿಸತಕ್ಕದ್ದು. ಇನ್ನೊಂದು, ಉದ್ರೇಕವೂ ವಿಷಾದವೂ ಅಲೆಗಳಂತೆ ಬಂದು ಹೋಗಿ ನಡುನಡುವೆ ರೋಗಿಯು ಸ್ವಸ್ಥನಾಗಿರತಕ್ಕದ್ದು. ಮೊದಲನೆಯದಕ್ಕೆ ಸ್ವಿಟ್ಜರ್ಲೆಂಡಿನ ಆಯ್ಗನ್ ಬ್ಲಾಯ್ಲರ್ ಎಂಬವರು ೧೯೦೮ರಲ್ಲಿ ಸ್ಕಿಜೋಫ್ರೀನಿಯಾ ಎಂಬ ಹೆಸರನ್ನಿಟ್ಟರು. ಯಾರೂ ಆಡದ ಮಾತುಗಳು ಕಿವಿಗೆ ಕೇಳಿಸುವುದು, ಎಲ್ಲರೂ ತನ್ನ ಮೇಲೆ ಸಂಚು ಹೂಡಿರುವರೆಂದು ದೃಢವಾಗಿ ನಂಬುವುದು, ಮಾತಿನ ಸಂಬಂಧ ತಪ್ಪುವುದು, ಬಂಧುಮಿತ್ರರಲ್ಲಿ ಆಸಕ್ತಿ ಅಳಿಯುವುದು ಇವೇ ಇದರ ಮುಖ್ಯ ಲಕ್ಷಣಗಳು. ಸುಮಾರು ನೂರು ಮಂದಿಯಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಈ ರೋಗ ತಗಲುವುದೆಂದು ಬಹುಕಾಲದಿಂದ ಎಣಿಸುತ್ತ ಬಂದಿರುವರು.

ಅದೇ ಕಾಲಕ್ಕೆ ಇನ್ನೊಂದು ಶಾಸ್ತ್ರವು ತಲೆಯೆತ್ತಿತು. ಬ್ರೂನ್ ಪಟ್ಟಣದ ಮಠವೊಂದರಲ್ಲಿ ಗ್ರೆಗರ್ ಮೆಂಡೆಲ್ ಎಂಬ ಸಂನ್ಯಾಸಿಯು ಬಟಾಣಿ ಗಿಡಗಳನ್ನು ಬೆಳೆಸಿ, ಗುಣಗಳು ತಲೆಮಾರಿನಿಂದ ತಲೆಮಾರಿಗೆ ಗೊತ್ತಾದ ಲೆಕ್ಕದಲ್ಲಿ ಇಳಿಯುತ್ತವೆಂದು ೧೮೬೫ರಲ್ಲಿಯೇ ತೋರಿಸಿದ್ದನು. ಯಾರೂ ಕಿವಿಗೊಡದೆ ಹೋದ ಆ ತತ್ತ್ವವು ೧೯೦೦ರಲ್ಲಿ ಮತ್ತೆ ಬೆಳಕಿಗೆ ಬಂದಿತು. ತಾಯಿತಂದೆಗಳಿಬ್ಬರಲ್ಲಿಯೂ ಅಡಗಿರುವ ಒಂದು ದುರ್ಬಲ ಗುಣವು ಮಕ್ಕಳಲ್ಲಿ ನಾಲ್ಕರಲ್ಲೊಂದು ಪಾಲಿಗೆ ಪ್ರಕಟವಾಗುವುದೆಂಬುದು ಅದರ ಒಂದು ಫಲಿತಾಂಶ.

ಬಟಾಣಿಯ ಲೆಕ್ಕವನ್ನು ಚಿತ್ತರೋಗಕ್ಕೆ ಹೊಂದಿಸಿ ನೋಡಬೇಕೆಂದು ಹೊರಟವರು ಕ್ರೇಪಲಿನ್ನರ ಶಿಷ್ಯರಾದ ಅರ್ನ್‌ಸ್ಟ್ ರ‍್ಯೂಡಿನ್. ಏಳುನೂರರಷ್ಟು ಸಂಸಾರಗಳಲ್ಲಿ ರೋಗಿಗಳ ಒಡಹುಟ್ಟಿದವರನ್ನೆಲ್ಲ ಎಣಿಸಿ ಅವರು ೧೯೧೬ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ರೋಗವು ಒಂದೇ ದುರ್ಬಲ ಬೀಜದಿಂದ ಬರುವುದಾದರೆ ಒಡಹುಟ್ಟಿದವರಲ್ಲಿ ಕಾಲುಪಾಲು ಮಂದಿಯಾದರೂ ರೋಗಿಗಳಾಗಿರಬೇಕಾಗಿತ್ತು. ದೊರೆತ ಸಂಖ್ಯೆಯು ಅದಕ್ಕಿಂತ ಎಷ್ಟೋ ಕಡಿಮೆಯಾಗಿದ್ದಿತು. ಎಣಿಕೆಯು ಬಹು ಶ್ರದ್ಧೆಯಿಂದ ಮಾಡಿದುದು, ಉತ್ತರವೂ ಸ್ಪಷ್ಟವಾದುದು. ರೋಗವು ಸಂಸಾರಗಳಲ್ಲಿ ಸ್ವಲ್ಪ ಹೆಚ್ಚಾಗಿ ಕಾಣುವುದು ನಿಜ. ಆದರೆ ಸರಳವಾದ ಬೀಜನ್ಯಾಯಕ್ಕೆ ಅದು ಒಳಪಡುವುದಿಲ್ಲ. ಎರಡು ದುರ್ಬಲ ಬೀಜಗಳು ಕೂಡಬೇಕಾಗಬಹುದೆಂದು ರ‍್ಯೂಡಿನ್ನರು ಊಹಿಸಿದರೇ ಹೊರತು, ಬೀಜವೇ ವಿಧಿಯೆಂಬ ನಂಬಿಕೆಯನ್ನು ಬಿಡಲಿಲ್ಲ. ತಮ್ಮ ಕೈಯ ಲೆಕ್ಕವೇ ತಮ್ಮ ಸಿದ್ಧಾಂತಕ್ಕೆ ಎದುರಾಗಿ ನಿಂತಾಗ ಅವರು ಸಿದ್ಧಾಂತದ ಪಕ್ಷವನ್ನೇ ಹಿಡಿದರು.

೩

ಇಷ್ಟಕ್ಕೆ ನಿಂತಿದ್ದರೆ ಇದು ಪಂಡಿತರ ವಾದವಾಗಿಯೇ ಉಳಿಯುತ್ತಿತ್ತು. ಆದರೆ ಕುಲಶುದ್ಧಿಯ ಹೆಸರಿನಲ್ಲಿ ರೋಗಿಗಳಿಗೆ ಮಕ್ಕಳಾಗದಂತೆ ಮಾಡಬೇಕೆಂಬ ಪ್ರಚಾರವು ಆಗಲೇ ಹಲವು ದೇಶಗಳಲ್ಲಿ ಹಬ್ಬಿದ್ದಿತು. ಅಮೆರಿಕದ ಇಂಡಿಯಾನಾ ಸಂಸ್ಥಾನವು ೧೯೦೭ರಲ್ಲಿ ಇಂಥ ಮೊದಲನೆಯ ಕಾನೂನನ್ನು ಮಾಡಿತು. ವರ್ಜೀನಿಯಾದ ಕಾನೂನನ್ನು ೧೯೨೭ರಲ್ಲಿ ಆ ದೇಶದ ಅತ್ಯುಚ್ಚ ನ್ಯಾಯಸ್ಥಾನವೇ ಎತ್ತಿಹಿಡಿಯಿತು. ಅಲ್ಲಿ ಒಟ್ಟು ೬೦,೦೦೦ಕ್ಕೂ ಮೇಲ್ಪಟ್ಟ ಜನರಿಗೆ ಬಲಾತ್ಕಾರದಿಂದ ಶಸ್ತ್ರಕ್ರಿಯೆ ನಡೆಯಿತು.

ಜರ್ಮನಿಯಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದ ವರ್ಷದಲ್ಲಿಯೇ, ೧೯೩೩ನೆಯ ಜುಲೈ ೧೪ರಂದು, ಆನುವಂಶಿಕ ರೋಗವುಳ್ಳ ಸಂತಾನವನ್ನು ತಡೆಯುವ ಕಾನೂನು ಹೊರಟಿತು. ಸ್ಕಿಜೋಫ್ರೀನಿಯಾ, ಉದ್ರೇಕವಿಷಾದರೋಗ, ಅಪಸ್ಮಾರ, ಹುಟ್ಟುಕುರುಡು, ಹುಟ್ಟುಕಿವುಡು ಮೊದಲಾದ ಒಂಬತ್ತು ಕಾರಣಗಳನ್ನು ಅದರಲ್ಲಿ ಎಣಿಸಲಾಗಿತ್ತು. ಈ ಕಾನೂನಿಗೆ ಅಧಿಕೃತ ಭಾಷ್ಯವನ್ನು ಬರೆದ ಮೂವರಲ್ಲಿ ರ‍್ಯೂಡಿನ್ನರೊಬ್ಬರು. ಸುಮಾರು ೪ ಲಕ್ಷ ಜನರು ಇದಕ್ಕೆ ಗುರಿಯಾದರೆಂದು ಚರಿತ್ರಕಾರರು ಗಣನೆ ಮಾಡಿರುವರು. ೧೯೩೯ರಲ್ಲಿ ಯುದ್ಧವು ಆರಂಭವಾದೊಡನೆ ಸಂತಾನನಿರೋಧವೂ ಸಾಲದಾಗಿ ಹತ್ಯೆಯೇ ತೊಡಗಿತು. ಆರು ಸ್ಥಳಗಳಲ್ಲಿ ವಿಷವಾಯುವಿನ ಕೋಣೆಗಳನ್ನು ಕಟ್ಟಿ, ೧೯೪೧ನೆಯ ಆಗಸ್ಟಿನ ವರೆಗೆ ೭೦,೨೭೩ ಮಂದಿ ರೋಗಿಗಳನ್ನೂ ಅಂಗವಿಕಲರನ್ನೂ ಕೊಂದರೆಂದು ಕೊಂದವರ ಲೆಕ್ಕಪತ್ರದಲ್ಲಿಯೇ ಬರೆದಿದೆ. ಆ ಬಳಿಕವೂ ಆಸ್ಪತ್ರೆಗಳಲ್ಲಿ ಉಪವಾಸದಿಂದಲೂ ಔಷಧಗಳಿಂದಲೂ ಕೊಲೆಗಳು ನಡೆಯುತ್ತಲೇ ಇದ್ದವು. ಸತ್ತವರ ಮನೆಗೆ ಕಳುಹಿಸಿದ ಪತ್ರಗಳಲ್ಲಿ ಮರಣಕ್ಕೆ ಯಾವುದೋ ಸುಳ್ಳು ಕಾರಣವನ್ನು ಕಾಣಿಸುತ್ತಿದ್ದರು.

ಧರ್ಮದ ದೃಷ್ಟಿಯಿಂದ ಇದಕ್ಕೆ ತೀರ್ಪು ಬೇಕಾಗಿಲ್ಲ. ಆದರೆ ಶಾಸ್ತ್ರದ ದೃಷ್ಟಿಯಿಂದಲೂ ಇದರಿಂದ ತಿಳಿದುಬಂದ ಒಂದು ಸಂಗತಿಯುಂಟು. ಜರ್ಮನಿಯಲ್ಲಿ ಹೀಗೆ ಶಸ್ತ್ರಕ್ರಿಯೆಗೋ ಹತ್ಯೆಗೋ ಗುರಿಯಾದ ಸ್ಕಿಜೋಫ್ರೀನಿಯಾ ರೋಗಿಗಳು ೨,೨೦,೦೦೦ದಿಂದ ೨,೬೯,೫೦೦ರ ವರೆಗೆ ಇದ್ದರೆಂದು ೨೦೧೦ರಲ್ಲಿ ಪ್ರಕಟವಾದ ಒಂದು ಗಣನೆಯು ತಿಳಿಸುತ್ತದೆ. ಆ ಕಾಲದಲ್ಲಿ ಆ ದೇಶದಲ್ಲಿದ್ದ ಅಂಥ ರೋಗಿಗಳಲ್ಲಿ ಇದು ನೂರಕ್ಕೆ ಎಪ್ಪತ್ತಮೂರಕ್ಕೆ ಕಡಿಮೆಯಿಲ್ಲ. ಬೀಜವಾದಿಗಳ ಮಾತು ನಿಜವಾಗಿದ್ದಲ್ಲಿ ಮುಂದಿನ ತಲೆಮಾರಿನಲ್ಲಿ ರೋಗವು ಬಹುಮಟ್ಟಿಗೆ ಅಳಿದಿರಬೇಕಾಗಿತ್ತು. ಯುದ್ಧಾನಂತರ ಎಣಿಸಿದಾಗ ಹೊಸದಾಗಿ ರೋಗ ತಗಲಿದವರ ಪ್ರಮಾಣವು ಸ್ವಲ್ಪವೂ ಕುಗ್ಗಿರಲಿಲ್ಲ. ಲಕ್ಷಾಂತರ ಮನುಷ್ಯರನ್ನು ಬಲಿಕೊಟ್ಟು ಆ ಸಿದ್ಧಾಂತವು ತಾನೇ ಸುಳ್ಳಾಯಿತು. ಬಹುಮಂದಿ ರೋಗಿಗಳಿಗೆ ಅದೇ ರೋಗವುಳ್ಳ ತಾಯಿತಂದೆಗಳಿರುವುದಿಲ್ಲ. ರೋಗಕ್ಕೆ ಎಡೆಗೊಡುವ ಬೀಜಭೇದಗಳು ಸ್ವಸ್ಥರೆನಿಸಿಕೊಂಡ ಎಲ್ಲರಲ್ಲಿಯೂ ಚೂರುಚೂರಾಗಿ ಹಂಚಿಹೋಗಿವೆ ಎಂಬುದು ಅನಂತರ ವಿಶದವಾಯಿತು.

೪

ಈ ಘೋರವನ್ನು ಕಂಡ ಮೇಲೆ ವಂಶವೆಂಬ ಶಬ್ದವನ್ನೆತ್ತುವುದಕ್ಕೇ ವಿದ್ವಾಂಸರು ಹಿಂಜರಿದರು. ವಿಶೇಷವಾಗಿ ಅಮೆರಿಕದಲ್ಲಿ ತಕ್ಕಡಿಯು ಇನ್ನೊಂದು ಕಡೆಗೆ ಪೂರಾ ವಾಲಿತು. ರೋಗಕ್ಕೆ ಕಾರಣವು ಬಾಲ್ಯದ ಪೋಷಣೆಯೇ ಎಂದಾಯಿತು. ಮಗುವನ್ನು ಪ್ರೀತಿಯಿಂದ ಹತ್ತಿರಕ್ಕೆ ಕರೆದುಕೊಳ್ಳದ ತಾಯಿಯೇ ಸ್ಕಿಜೋಫ್ರೀನಿಯಾವನ್ನು ಹುಟ್ಟಿಸುವಳೆಂಬ ಅರ್ಥದ ಒಂದು ಹೆಸರನ್ನು ಫ್ರೀಡಾ ಫ್ರಾಮ್ ರೈಕ್‌ಮನ್ ಎಂಬ ವೈದ್ಯೆಯು ೧೯೪೮ರಲ್ಲಿ ಬಳಕೆಗೆ ತಂದರು. ಕುಲದ ಮೇಲಿದ್ದ ಅಪರಾಧವು ತಾಯಿಯ ಮೇಲೆ ಬಂದಿತೇ ಹೊರತು, ಅಪರಾಧಿಯನ್ನು ಹುಡುಕುವ ಚಟವು ಹೋಗಲಿಲ್ಲ. ಮಗನ ಬೇನೆಯಿಂದ ಕಂಗೆಟ್ಟ ಎಷ್ಟೋ ತಾಯಂದಿರು ಆ ಬೇನೆಗೆ ತಾವೇ ಕಾರಣರೆಂಬ ಮಾತನ್ನು ವೈದ್ಯರ ಬಾಯಿಂದಲೇ ಕೇಳಬೇಕಾಯಿತು.

ಈ ವಾದವನ್ನು ಪರೀಕ್ಷಿಸುವುದಕ್ಕೆ ಒಂದೇ ಉಪಾಯವಿದ್ದಿತು. ಹೆತ್ತವಳೊಬ್ಬಳು, ಸಾಕಿದವಳೊಬ್ಬಳಾಗಿರುವ ಮಕ್ಕಳನ್ನು ನೋಡುವುದು. ಅಮೆರಿಕದ ಲೆನರ್ಡ್ ಹೆಸ್ಟನ್ ಎಂಬ ವೈದ್ಯರು ಆರಿಗನ್ ಸಂಸ್ಥಾನದಲ್ಲಿ ಸ್ಕಿಜೋಫ್ರೀನಿಯಾ ರೋಗವಿದ್ದ ತಾಯಂದಿರಿಗೆ ಹುಟ್ಟಿ, ಮೂರು ದಿನಗಳೊಳಗೆ ತಾಯಿಯಿಂದ ಬೇರ್ಪಟ್ಟು ಬೇರೆಡೆಯಲ್ಲಿ ಬೆಳೆದ ೪೭ ಮಂದಿಯನ್ನೂ, ಅದೇ ರೀತಿಯಲ್ಲಿ ಬೆಳೆದ, ರೋಗವಿಲ್ಲದ ತಾಯಂದಿರ ೫೦ ಮಕ್ಕಳನ್ನೂ ಪ್ರಾಪ್ತವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿ ೧೯೬೬ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೊದಲನೆಯ ಗುಂಪಿನಲ್ಲಿ ಐವರಿಗೆ ರೋಗ ಬಂದಿತ್ತು. ಎರಡನೆಯದರಲ್ಲಿ ಒಬ್ಬರಿಗೂ ಇರಲಿಲ್ಲ. ಎರಡು ವರ್ಷಗಳ ಬಳಿಕ ಡೆನ್ಮಾರ್ಕ್ ದೇಶದ ದತ್ತಕದ ದಾಖಲೆಗಳಿಂದಲೂ ಇದೇ ಅಭಿಪ್ರಾಯಕ್ಕೆ ಬಲ ಬಂದಿತು. ತಾಯಂದಿರು ನಿರಪರಾಧಿಗಳೆಂದು ಸಿದ್ಧವಾಯಿತು. ಆದರೆ ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ಓದಿದರೆ, ರೋಗಿಯಾದ ತಾಯಿಯ ೪೭ ಮಕ್ಕಳಲ್ಲಿ ೪೨ ಮಂದಿಗೆ ಆ ರೋಗ ಬರಲಿಲ್ಲ.

ಅವಳಿ ಮಕ್ಕಳ ಪರೀಕ್ಷೆಯಿಂದಲೂ ಇಂಥದೇ ಉತ್ತರ ದೊರೆಯಿತು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಬೀಜದ್ರವ್ಯವು ಬಹುಮಟ್ಟಿಗೆ ಒಂದೇ. ಅವರಲ್ಲಿ ಒಬ್ಬನಿಗೆ ರೋಗವಿದ್ದರೆ ಇನ್ನೊಬ್ಬನಿಗೂ ಬರುವುದು ಬೇರೆ ಬೇರೆ ಎಣಿಕೆಗಳ ಪ್ರಕಾರ ಮೂರರಲ್ಲೊಂದು ಪಾಲು ಮೊದಲ್ಗೊಂಡು ಅರ್ಧದ ವರೆಗೆ, ಅದಕ್ಕೆ ಮೇಲಲ್ಲ. ಬೀಜದ್ರವ್ಯವು ಒಂದೇ ಆಗಿದ್ದರೂ ಇಬ್ಬರ ಗತಿ ಬೇರೆಯಾಗಬಹುದು. ಲಂಡನ್ನಿನಲ್ಲಿ ಈ ಪರೀಕ್ಷೆಯನ್ನು ನಡೆಸಿದ ಗಾಟ್ಸ್‌ಮನ್ ಮತ್ತು ಶೀಲ್ಡ್ಸ್ ಎಂಬಿಬ್ಬರು, ಮನುಷ್ಯನ ಎತ್ತರವು ಹೇಗೆ ಅನೇಕ ಸಣ್ಣ ಸಣ್ಣ ಬೀಜಗಳ ಕೂಡುವಿಕೆಯಿಂದಲೂ ಆಹಾರಾದಿಗಳಿಂದಲೂ ಆಗುವುದೋ ಹಾಗೆಯೇ ಈ ರೋಗದ ಸಂಭವವೂ ಆಗುವುದೆಂದು ೧೯೬೭ರಲ್ಲಿ ಪ್ರತಿಪಾದಿಸಿದರು. ಒಂದು ದುಷ್ಟ ಬೀಜವನ್ನು ಹುಡುಕುವುದರಲ್ಲಿ ಅರ್ಥವಿಲ್ಲವೆಂದು ಇದರ ತಾತ್ಪರ್ಯ. ಆದರೂ ಹುಡುಕುವ ಆಸೆಯು ಸುಲಭವಾಗಿ ಬಿಡಲಿಲ್ಲ. ೧೯೮೭ರಲ್ಲಿ ಅಮೆರಿಕದ ಆಮಿಶ್ ಪಂಗಡದ ಸಂಸಾರಗಳಲ್ಲಿ ಉದ್ರೇಕವಿಷಾದರೋಗದ ಬೀಜವು ಹನ್ನೊಂದನೆಯ ವರ್ಣತಂತುವಿನಲ್ಲಿರುವುದೆಂದು ಸಾರಿದರು. ಎರಡೇ ವರ್ಷಗಳಲ್ಲಿ ಹೊಸ ಪರೀಕ್ಷೆಯಿಂದ ಆ ಮಾತು ಬಿದ್ದುಹೋಯಿತು. ೧೯೮೮ರಲ್ಲಿ ಸ್ಕಿಜೋಫ್ರೀನಿಯಾದ ಬೀಜವು ಐದನೆಯ ವರ್ಣತಂತುವಿನಲ್ಲಿದೆಯೆಂದು ಹೊರಟ ವಾರ್ತೆಗೂ ಅದೇ ಗತಿಯಾಯಿತು.

೫

ಅಷ್ಟರಲ್ಲಿ ಬೀಜದ್ರವ್ಯದ ಸ್ವರೂಪವೇ ಬೆಳಕಿಗೆ ಬಂದಿದ್ದಿತು. ೧೯೫೩ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಎಂಬವರು, ರೋಸಲಿಂಡ್ ಫ್ರಾಂಕ್ಲಿನ್ ಅವರ ಪ್ರಯೋಗಶಾಲೆಯಲ್ಲಿ ತೆಗೆದ ಕ್ಷಕಿರಣ ಚಿತ್ರದ ಆಧಾರವನ್ನೂ ಪಡೆದು, ಡಿಎನ್‌ಎ ಎಂಬ ದ್ರವ್ಯದ ರಚನೆಯನ್ನು ನಿರೂಪಿಸಿದರು. ನಾಲ್ಕೇ ಅಕ್ಷರಗಳಲ್ಲಿ ಬರೆದ ಒಂದು ದೊಡ್ಡ ಗ್ರಂಥದಂತೆ ಅದು ಪ್ರತಿಯೊಂದು ಜೀವಕೋಶದಲ್ಲಿಯೂ ಅಡಗಿದೆ. ಮನುಷ್ಯನಲ್ಲಿ ಆ ಅಕ್ಷರಗಳ ಸಂಖ್ಯೆ ಸುಮಾರು ೩೦೦ ಕೋಟಿ. ಆ ಗ್ರಂಥದಲ್ಲಿ ಸುಮಾರು ೨೦,೦೦೦ ವಾಕ್ಯಗಳು ಶರೀರವನ್ನು ಕಟ್ಟತಕ್ಕ ಪ್ರೋಟೀನುಗಳ ಪಾಠವನ್ನು ಒಳಗೊಂಡಿವೆ. ಇವುಗಳನ್ನೇ ಜೀನುಗಳೆನ್ನುತ್ತಾರೆ. ಜೀನನ್ನು ಮೊದಲು ಆರ್‌ಎನ್‌ಎ ಎಂಬ ಪ್ರತಿಯಾಗಿ ಬರೆದುಕೊಂಡು, ಆ ಪ್ರತಿಯನ್ನು ಓದಿ ಜೀವಕೋಶವು ಪ್ರೋಟೀನನ್ನು ಕಟ್ಟುತ್ತದೆ.

ಇಲ್ಲಿ ಒಂದು ಸಂದೇಹ ಹುಟ್ಟುವುದು ಸಹಜ. ಯಕೃತ್ತಿನ ಕೋಶದಲ್ಲಿಯೂ ಮೆದುಳಿನ ಕೋಶದಲ್ಲಿಯೂ ಇರುವ ಗ್ರಂಥವು ಒಂದೇ ಆದರೆ ಎರಡರ ಕೆಲಸವು ಬೇರೆಯಾದುದು ಹೇಗೆ? ಇದಕ್ಕೆ ಉತ್ತರದ ಮೊದಲ ಸುಳಿವನ್ನು ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯ ಜಾಕೋಬ್ ಮತ್ತು ಮೊನೋ ಎಂಬವರು ೧೯೬೧ರಲ್ಲಿ ಕೊಟ್ಟರು. ಒಂದು ಸೂಕ್ಷ್ಮಾಣುವು ಹಾಲಿನ ಸಕ್ಕರೆಯು ಎದುರಿಗಿದ್ದಾಗ ಮಾತ್ರ ಅದನ್ನು ಜೀರ್ಣಿಸುವ ಜೀನುಗಳನ್ನು ಓದುತ್ತದೆ. ಇಲ್ಲದಾಗ ಅವುಗಳನ್ನು ಮುಚ್ಚಿಡುತ್ತದೆ. ಓದು, ಓದಬೇಡ ಎಂಬ ಅಪ್ಪಣೆಗಳು ಜೀನಿನ ನೆರೆಯಲ್ಲಿಯೇ ಬರೆದಿರುತ್ತವೆ. ಈ ಶೋಧನೆಗಾಗಿ ಅವರಿಗೆ, ಲ್ವೋಫ್ ಎಂಬವರೊಡನೆ, ೧೯೬೫ರಲ್ಲಿ ನೋಬೆಲ್ ಪಾರಿತೋಷಿಕವು ಸಂದಿತು. ವೈದಿಕರ ಪ್ರಯೋಗಗ್ರಂಥವನ್ನು ಕಂಡವರಿಗೆ ಇದು ಸುಲಭವಾಗಿ ತಿಳಿದೀತು. ಅದರಲ್ಲಿ ಮಂತ್ರವೂ ಇರುವುದು; ಯಾವ ಮಂತ್ರವನ್ನು ಯಾವ ಸಮಯದಲ್ಲಿ ಎಷ್ಟು ಸಲ ಹೇಳಬೇಕೆಂಬ ವಿಧಿಯೂ ಇರುವುದು. ಮಂತ್ರದ ಅಕ್ಷರ ತಪ್ಪಿದರೆ ಒಂದು ಬಗೆಯ ದೋಷ. ಮಂತ್ರವು ಶುದ್ಧವಾಗಿದ್ದು ವಿಧಿಯಲ್ಲಿ ಪಾಠಾಂತರವಿದ್ದರೆ, ನೂರೆಂಟು ಸಲ ಹೇಳುವಲ್ಲಿ ನೂರು ಸಲವೋ ನೂರಿಪ್ಪತ್ತು ಸಲವೋ ಹೇಳಿದಂತಾಗುವುದು. ಜೀನು ಎಷ್ಟು ಸಲ ಪ್ರತಿಯಾಗುವುದೆಂಬ ಈ ಪ್ರಮಾಣವನ್ನೇ ಜೀನಿನ ಅಭಿವ್ಯಕ್ತಿಯೆನ್ನುತ್ತಾರೆ. ಮನುಷ್ಯನಿಗೂ ಚಿಂಪಾಂಜಿಗೂ ಪ್ರೋಟೀನುಗಳಲ್ಲಿ ವ್ಯತ್ಯಾಸವು ಅತ್ಯಲ್ಪವಾಗಿರುವುದರಿಂದ, ಇಬ್ಬರ ಭೇದಕ್ಕೆ ಕಾರಣವು ಮುಖ್ಯವಾಗಿ ಇಂಥ ವಿಧಿಗಳಲ್ಲಿರಬೇಕೆಂದು ಕಿಂಗ್ ಮತ್ತು ವಿಲ್ಸನ್ ಎಂಬವರು ೧೯೭೫ರಲ್ಲಿಯೇ ವಾದಿಸಿದ್ದರು.

೨೦೦೩ರಲ್ಲಿ ಮನುಷ್ಯನ ಬೀಜಗ್ರಂಥದ ಲಿಪ್ಯಂತರವು ಬಹುಮಟ್ಟಿಗೆ ಮುಗಿಯಿತು. ಪ್ರೋಟೀನಿನ ಪಾಠವು ಅದರಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟೇ ಎಂದು ಕಂಡುಬಂದಿತು. ಬಳಿಕ ರೋಗಿಗಳ ಗ್ರಂಥಗಳನ್ನೂ ರೋಗವಿಲ್ಲದವರ ಗ್ರಂಥಗಳನ್ನೂ ಲಕ್ಷಗಟ್ಟಲೆ ಸ್ಥಳಗಳಲ್ಲಿ ಅಕ್ಷರಕ್ಕೆ ಅಕ್ಷರ ಹೋಲಿಸಿ, ಯಾವ ಪಾಠಾಂತರಗಳು ರೋಗಿಗಳಲ್ಲಿ ಸ್ವಲ್ಪ ಹೆಚ್ಚಾಗಿ ಕಾಣುತ್ತವೆಂದು ಎಣಿಸುವ ಕ್ರಮವು ಬಂದಿತು. ಹಲವು ದೇಶಗಳ ಪಂಡಿತರು ಒಟ್ಟುಗೂಡಿ ೩೬,೯೮೯ ಸ್ಕಿಜೋಫ್ರೀನಿಯಾ ರೋಗಿಗಳನ್ನೂ ೧,೧೩,೦೭೫ ಇತರರನ್ನೂ ಹೋಲಿಸಿ ೨೦೧೪ರಲ್ಲಿ ೧೦೮ ಸ್ಥಾನಗಳನ್ನು ಗುರುತಿಸಿದರು. ೨೦೨೨ರಲ್ಲಿ ೭೬,೭೫೫ ರೋಗಿಗಳನ್ನೂ ೨,೪೩,೬೪೯ ಇತರರನ್ನೂ ಹೋಲಿಸಿದಾಗ ಆ ಸ್ಥಾನಗಳು ೨೮೭ ಆದವು. ಒಂದೊಂದು ಪಾಠಾಂತರದ ಪ್ರಭಾವವೂ ಅತಿಸ್ವಲ್ಪ; ಅವುಗಳನ್ನು ಹೊತ್ತವರಲ್ಲಿ ಬಹುಮಂದಿ ಆರೋಗ್ಯವಂತರು. ಇದಕ್ಕಿಂತಲೂ ಮುಖ್ಯವಾದ ಸಂಗತಿಯೆಂದರೆ, ಈ ಪಾಠಾಂತರಗಳಲ್ಲಿ ಹೆಚ್ಚಿನವು ಮಂತ್ರಭಾಗದಲ್ಲಿರದೆ ಅದರ ಹೊರಗೆ, ವಿಧಿಗಳಿರುವ ಎಡೆಗಳಲ್ಲಿಯೇ ಇದ್ದವು.

೬

ವಿಧಿಯ ಭೇದದಿಂದ ಮೆದುಳಿನಲ್ಲಿ ಯಾವ ಜೀನಿನ ಪ್ರಮಾಣವು ಏರುವುದು, ಯಾವುದರದು ಇಳಿಯುವುದು ಎಂಬುದನ್ನು ತಿಳಿಯುವುದು ಸುಲಭವಲ್ಲ. ರಕ್ತವನ್ನು ತೆಗೆದಂತೆ ಬದುಕಿರುವವನ ಮೆದುಳನ್ನು ತೆಗೆದು ನೋಡುವಂತಿಲ್ಲ. ಆದುದರಿಂದ ಮೃತರ ಬಂಧುಗಳು ದಾನವಾಗಿ ಕೊಟ್ಟ ಮೆದುಳುಗಳೇ ಈ ಶಾಸ್ತ್ರಕ್ಕೆ ಆಧಾರವಾದವು. ಅವುಗಳ ಒಂದು ಚೂರಿನಲ್ಲಿ ಒಂದೊಂದು ಜೀನಿನ ಆರ್‌ಎನ್‌ಎ ಪ್ರತಿಗಳು ಎಷ್ಟಿವೆಯೆಂದು ಎಣಿಸುತ್ತಾರೆ; ಒಂದು ಪಾಠವಿದ್ದವರಲ್ಲಿ ಆ ಎಣಿಕೆ ಎಷ್ಟು, ಇನ್ನೊಂದು ಪಾಠವಿದ್ದವರಲ್ಲಿ ಎಷ್ಟು ಎಂದು ತೂಗಿ ನೋಡುತ್ತಾರೆ. ಶರೀರದ ನಾನಾ ಅಂಗಗಳಲ್ಲಿ ಹೀಗೆ ಎಣಿಸುವ ದೊಡ್ಡ ಕಾರ್ಯವೊಂದು ಅಮೆರಿಕದಲ್ಲಿ ೨೦೧೦ರಲ್ಲಿ ಆರಂಭವಾಗಿ, ೨೦೨೦ರ ವೇಳೆಗೆ ೮೩೮ ದಾನಿಗಳ ಅಂಗಾಂಶಗಳ ವಿವರವನ್ನು ಒದಗಿಸಿತು.

ಚಿತ್ತರೋಗಕ್ಕೇ ಮೀಸಲಾದ ಒಂದು ಮುಖ್ಯ ಪರೀಕ್ಷೆಯು ೨೦೧೬ರಲ್ಲಿ ಪ್ರಕಟವಾಯಿತು. ಕಾಮನ್‌ಮೈಂಡ್ ಎಂಬ ಒಕ್ಕೂಟದವರು ಸ್ಕಿಜೋಫ್ರೀನಿಯಾವಿದ್ದ ೨೫೮ ಮಂದಿಯ ಮತ್ತು ಅದಿಲ್ಲದ ೨೭೯ ಮಂದಿಯ ಮೆದುಳಿನ ಮುಂಭಾಗದ ಹೊರಪದರವನ್ನು ಪರೀಕ್ಷಿಸಿದರು. ಹಿಂದೆ ಹೇಳಿದ ೧೦೮ ಸ್ಥಾನಗಳಲ್ಲಿ ಐದನೆಯ ಒಂದು ಪಾಲಿನಷ್ಟರಲ್ಲಿ, ರೋಗದ ಸಂಭವವನ್ನು ಹೆಚ್ಚಿಸುವ ಪಾಠಾಂತರವೇ ಜೀನಿನ ಪ್ರಮಾಣವನ್ನೂ ಬದಲಾಯಿಸುತ್ತಿರಬಹುದೆಂದು ಅವರಿಗೆ ತಿಳಿದುಬಂದಿತು. ೨೦೧೮ರಲ್ಲಿ ಸೈಕ್‌ಎನ್‌ಕೋಡ್ ಎಂಬ ಇನ್ನೊಂದು ಒಕ್ಕೂಟವು ೧,೮೬೬ ಮಂದಿಯ ಮೆದುಳುಗಳ ಗಣನೆಯನ್ನು ಹೊರತಂದಿತು. ೨೦೨೪ರಲ್ಲಿ ಅವರೇ ೩೮೮ ಮಂದಿಯ ಮೆದುಳುಗಳಿಂದ ೨೮ ಲಕ್ಷಕ್ಕೂ ಹೆಚ್ಚು ಕೋಶಕೇಂದ್ರಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಿ, ೨೮ ಬಗೆಯ ಕೋಶಗಳಲ್ಲಿ ಪ್ರಮಾಣಭೇದಗಳನ್ನು ಗುರುತಿಸಿದರು. ಒಂದೇ ಪಾಠಾಂತರವು ಒಂದು ಬಗೆಯ ಕೋಶದಲ್ಲಿ ಪ್ರಭಾವ ಬೀರಿ ಪಕ್ಕದ ಕೋಶದಲ್ಲಿ ಸುಮ್ಮನಿರುವುದೂ ಉಂಟೆಂದು ಇದರಿಂದ ವಿಶದವಾಯಿತು.

ಇಷ್ಟರಲ್ಲಿ ಅತ್ಯಂತ ಸ್ಪಷ್ಟವಾಗಿ ವಿವರಿಸಲ್ಪಟ್ಟ ಉದಾಹರಣೆಯೊಂದನ್ನು ಇಲ್ಲಿ ಹೇಳಬೇಕು. ಮಗುವಿನ ಮೆದುಳಿನಲ್ಲಿ ನರಕೋಶಗಳ ನಡುವಣ ಸಂಧಿಗಳು ಅತ್ಯಧಿಕವಾಗಿದ್ದು ಪ್ರಾಯಕ್ಕೆ ಬರುವ ವೇಳೆಗೆ ಕಡಿಮೆಯಾಗುತ್ತವ���ಂದು ಷಿಕಾಗೋ ನಗರದ ಪೀಟರ್ ಹುಟ್ಟನ್‌ಲಾಕರ್ ಎಂಬವರು ೧೯೭೯ರಲ್ಲಿ ಎಣಿಸಿ ತೋರಿಸಿದ್ದರು. ತೋಟಗಾರನು ಬಳ್ಳಿಯನ್ನು ಕತ್ತರಿಸಿ ಹದಗೊಳಿಸುವಂತೆ ಪ್ರಕೃತಿಯು ಮಾಡುವ ಈ ಕೆಲಸವು ಮಿತಿಮೀರಿದಲ್ಲಿ, ತಾರುಣ್ಯದಲ್ಲಿ ತಲೆದೋರುವ ಸ್ಕಿಜೋಫ್ರೀನಿಯಾಕ್ಕೆ ಅದೇ ಕಾರಣವಾಗಿರಬಹುದೆಂದು ಅರ್ವಿನ್ ಫೈನ್‌ಬರ್ಗ್ ಎಂಬವರು ೧೯೮೨ರಲ್ಲಿ ಊಹಿಸಿದರು. ಊಹೆಗೆ ಆಧಾರವು ದೊರೆತದ್ದು ೨೦೧೬ರಲ್ಲಿ. ಸೇಕರ್, ಸ್ಟೀವನ್ಸ್, ಮೆಕ್ಯಾರಲ್ ಮೊದಲಾದವರು ಆರನೆಯ ವರ್ಣತಂತುವಿನಲ್ಲಿರುವ ಸಿ೪ ಎಂಬ ಜೀನು ಜನರಲ್ಲಿ ಬೇರೆ ಬೇರೆ ರೂಪಗಳಲ್ಲಿಯೂ ಬೇರೆ ಬೇರೆ ಸಂಖ್ಯೆಯಲ್ಲಿಯೂ ಇರುವುದೆಂದು ನಿಷ್ಕರ್ಷಿಸಿ, ಮೆದುಳಿನಲ್ಲಿ ಸಿ೪ಎ ಎಂಬ ರೂಪವನ್ನು ಹೆಚ್ಚು ಪ್ರಮಾಣದಲ್ಲಿ ಉಂಟುಮಾಡುವ ಬಗೆಗಳೇ ರೋಗದ ಸಂಭವವನ್ನೂ ಹೆಚ್ಚಿಸುತ್ತವೆಂದು ತೋರಿಸಿದರು. ಈ ಜೀನಿನ ಪ್ರೋಟೀನು ರಕ್ತದಲ್ಲಿ ರೋಗಾಣುಗಳಿಗೆ ಗುರುತು ಹಾಕಿ ಅವುಗಳನ್ನು ನಾಶಕ್ಕೆ ಒಪ್ಪಿಸತಕ್ಕದ್ದು; ಬೆಳೆಯುತ್ತಿರುವ ಇಲಿಯ ಮೆದುಳಿನಲ್ಲಿ ಅದೇ ನರಸಂಧಿಗಳನ್ನು ತೆಗೆದುಹಾಕುವ ಕೆಲಸಕ್ಕೂ ನೆರವಾಗುವುದು. ಕಾಯುವ ಕೆಲಸದ ಜೀನೇ ಪ್ರಮಾಣ ಮೀರಿದಲ್ಲಿ ಕೆಡುಕಿಗೆ ಎಡೆಗೊಡುವುದೆಂದಾಯಿತು. ಆದರೂ ಈ ಹೆಚ್ಚಳವು ಬಹು ಚಿಕ್ಕದು. ಅತಿಹೆಚ್ಚು ಸಂಭವದ ಬಗೆಯನ್ನು ಪಡೆದವರಲ್ಲಿಯೂ ಬಹುಪಾಲು ಜನರಿಗೆ ರೋಗ ಬರುವುದಿಲ್ಲ.

ರೋಗಿಯ ಮೆದುಳಿನಲ್ಲಿ ಕಾಣುವ ವ್ಯತ್ಯಾಸಗಳೆಲ್ಲ ರೋಗದ ಕಾರಣಗಳೆಂದು ತಿಳಿಯಬಾರದು. ವರ್ಷಗಟ್ಟಲೆ ಸೇವಿಸಿದ ಔಷಧ, ಹೊಗೆಸೊಪ್ಪು, ಕೊನೆಗಾಲದ ಬೇನೆ ಇವುಗಳಿಂದಲೂ ಜೀನುಗಳ ಪ್ರಮಾಣವು ಬದಲಾಗುತ್ತದೆ. ಹುಟ್ಟುವಾಗ ಬಂದ ಪಾಠವನ್ನಾದರೋ ರೋಗವಾಗಲಿ ಔಷಧವಾಗಲಿ ತಿದ್ದಲಾರದು. ಆದುದರಿಂದ ಪಾಠದಿಂದ ಹೊರಟು ಪ್ರಮಾಣದ ಕಡೆಗೆ ಸಾಗುವ ಶೋಧಕನಿಗೆ ಯಾವುದು ಮೊದಲು, ಯಾವುದು ಅನಂತರವೆಂಬುದರಲ್ಲಿ ಒಂದು ಆಸರೆಯುಂಟು. ಮಂತ್ರದ ಅಕ್ಷರವೇ ಕೆಟ್ಟಿರುವ ವಿರಳ ಸಂದರ್ಭಗಳೂ ಇಲ್ಲದಿಲ್ಲ. ಅಂಥ ಹತ್ತು ಜೀನುಗಳನ್ನು ೨೦೨೨ರಲ್ಲಿ ಗುರುತಿಸಿದರು; ಅವುಗಳ ಪ್ರಭಾವವು ದೊಡ್ಡದಾದರೂ ಅವು ಕೆಲವೇ ರೋಗಿಗಳಲ್ಲಿ ಕಾಣತಕ್ಕವು.

೭

ಒಂದು ಶತಮಾನಕ್ಕೂ ಮೇಲ್ಪಟ್ಟ ಈ ಚರಿತ್ರೆಯಿಂದ ಸಂಸಾರಸ್ಥರು ತಿಳಿಯತಕ್ಕದ್ದು ಇಷ್ಟು. ಚಿತ್ತರೋಗದಲ್ಲಿ ವಂಶಕ್ಕೆ ಪಾತ್ರವಿಲ್ಲವೆನ್ನುವುದು ಸುಳ್ಳು. ವಂಶವೇ ವಿಧಿಯೆನ್ನುವುದು ಇನ್ನೂ ದೊಡ್ಡ ಸುಳ್ಳು. ಯಾವ ಕುಲದಲ್ಲಿಯೂ ಉನ್ಮಾದದ ಬೀಜವೆಂಬ ಒಂದು ವಸ್ತುವಿಲ್ಲ. ನೂರಾರು ಪಾಠಾಂತರಗಳು ಮೆದುಳಿನ ನೂರಾರು ಜೀನುಗಳ ಪ್ರಮಾಣವನ್ನು ಒಂದಿಷ್ಟು ಏರಿಸುತ್ತವೆ, ಒಂದಿಷ್ಟು ಇಳಿಸುತ್ತವೆ. ಅವುಗಳಲ್ಲಿ ಕೆಲಕೆಲವು ಎಲ್ಲರ ಪಾಲಿಗೂ ಬಂದಿವೆ. ವರನ ಮನೆಯಲ್ಲಿ ರೋಗವುಂಟೇ ಎಂದು ಗುಟ್ಟಾಗಿ ಕೇಳುವವರ ಮನೆಯ ಬೀಜಗ್ರಂಥದಲ್ಲಿಯೂ ಅವು ಇದ್ದೇ ಇವೆ. ಎಲ್ಲ ಪಾಠಾಂತರಗಳನ್ನು ಕೂಡಿ ಲೆಕ್ಕ ಹಾಕಿದರೂ, ಇಂಥವನಿಗೆ ರೋಗ ಬರುವುದು, ಇಂಥವನಿಗೆ ಬಾರದು ಎಂದು ಒಬ್ಬೊಬ್ಬರ ವಿಷಯದಲ್ಲಿ ಭವಿಷ್ಯ ಹೇಳುವುದಕ್ಕೆ ಸಾಧ್ಯವಾಗಿಲ್ಲ.

ಇದುವರೆಗಿನ ಎಣಿಕೆಗಳಲ್ಲಿ ಹೆಚ್ಚಿನವು ಯೂರೋಪಿನ ಮೂಲದ ಜನರವು. ೨೦೧೯ರಲ್ಲಿ ಪೂರ್ವ ಏಷ್ಯದ ೨೨,೭೭೮ ರೋಗಿಗಳ ಪರೀಕ್ಷೆಯು ಪ್ರಕಟವಾದ ಮೇಲೆ ಈ ಕೊರತೆಯು ತುಸು ತುಂಬಿತು. ಕರ್ನಾಟಕದಲ್ಲಿಯೂ ಈ ಕೆಲಸಕ್ಕೆ ಅಡಿಪಾಯವು ಬಿದ್ದಿರುವುದು ಸಂತೋಷದ ಸಂಗತಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ೧೯೯೫ರಲ್ಲಿ ಮೆದುಳುಗಳ ಸಂಗ್ರಹಾಲಯವೊಂದು ಸ್ಥಾಪಿತವಾಯಿತು. ಒಂದಕ್ಕಿಂತ ಹೆಚ್ಚು ಮಂದಿಗೆ ಚಿತ್ತರೋಗವಿರುವ ಸಂಸಾರಗಳನ್ನು ವರ್ಷಗಟ್ಟಲೆ ಅನುಸರಿಸಿ ಅಭ್ಯಸಿಸುವ ಕಾರ್ಯವನ್ನು ೨೦೧೬ರಿಂದ ಅದೇ ಸಂಸ್ಥೆಯವರು ನಗರದ ಇತರ ವಿಜ್ಞಾನಸಂಸ್ಥೆಗಳೊಡನೆ ಕೈಕೊಂಡರು. ಇಂಥ ಸಂಸಾರಗಳು ತಮ್ಮ ನೋವನ್ನು ಮುಚ್ಚಿಡದೆ ಮುಂದೆ ಬಂದರೆ ಮಾತ್ರ ಈ ಕೆಲಸವು ಸಾಗತಕ್ಕದ್ದು.

ಮ್ಯೂನಿಕ್ಕಿನಲ್ಲಿ ಕ್ರೇಪಲಿನ್ನರು ೧೯೧೭ರಲ್ಲಿ ಸ್ಥಾಪಿಸಿದ ಸಂಸ್ಥೆಯಲ್ಲಿಯೂ ಮೆದುಳುಗಳ ಸಂಗ್ರಹವೊಂದಿದ್ದಿತು. ಹಿಟ್ಲರನ ಕಾಲದಲ್ಲಿ ಕೊಲೆಯಾದ ರೋಗಿಗಳ ಮೆದುಳುಗಳೂ ಅದರಲ್ಲಿ ಸೇರಿದ್ದವು. ಯುದ್ಧವು ಮುಗಿದು ದಶಕಗಳಾದರೂ ಅವು ಗಾಜಿನ ಹಲಗೆಗಳ ಮೇಲೆ ಉಳಿದಿದ್ದವು. ೧೯೯೦ರಲ್ಲಿ ಅಂಥ ಅವಶೇಷಗಳನ್ನು ಅದೇ ನಗರದ ವಾಲ್ಡ್‌ಫ್ರೀಡ್‌ಹೋಫ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಅಂದು ಬಲಾತ್ಕಾರದಿಂದ ಕಸಿದುಕೊಂಡ ಮೆದುಳುಗಳನ್ನು ಮುಂದಿಟ್ಟುಕೊಂಡವರಿಗೆ ಕುಲದ ಅಪರಾಧವೊಂದೇ ಕಂಡಿತು. ದುಃಖದ ಗಳಿಗೆಯಲ್ಲಿಯೂ ಮನಸ್ಸನ್ನು ಗಟ್ಟಿಮಾಡಿಕೊಂಡು ಬಂಧುಗಳು ಸ್ವಇಚ್ಛೆಯಿಂದ ಕೊಟ್ಟ ಮೆದುಳುಗಳಿಂದ, ಯಾರ ಅಪರಾಧವೂ ಇಲ್ಲವೆಂಬುದು ತಿಳಿಯುತ್ತ ಬಂದಿದೆ. ಚಿಕಿತ್ಸೆಗೆ ಇದರಿಂದ ಒದಗಬೇಕಾದ ಫಲವು ಇನ್ನೂ ಪೂರ್ಣವಾಗಿ ಕೈಸೇರಿಲ್ಲ. ಆದರೆ ರೋಗಿಯನ್ನು ಒಳಕೋಣೆಯಿಂದ ಹೊರಕ್ಕೆ ಕರೆತಂದು ವೈದ್ಯರಿಗೆ ತೋರಿಸುವುದಕ್ಕೆ ಆ ಫಲವನ್ನು ಕಾಯಬೇಕಾದುದಿಲ್ಲ; ಕುಲಕ್ಕೆ ಕಲಂಕವೆಂಬ ಭಯಕ್ಕೆ ಆಧಾರವಿಲ್ಲವೆಂದು ತಿಳಿದರೆ ಅಷ್ಟಕ್ಕೆ ಸಾಕು.